ಚಿಕ್ಕಮಗಳೂರಲ್ಲಿ ಬಾಡಿಗೆ ಮನೆ ನೋಡೋಕೆ ಹೋಗ್ತಿದ್ದೀರಾ? ರೂಮು ಎಣಿಸೋದು ಆಮೇಲೆ, ಮೊದಲು ಇದನ್ನು ನೋಡಿ

ಹನ್ನೊಂದು ವರ್ಷದಲ್ಲಿ ಚಿಕ್ಕಮಗಳೂರು ಟೌನಲ್ಲೇ ಮೂರು ಮನೆ ಆಯಿತು ನಮಗೆ. ಮಕ್ಕಳ ಸ್ಕೂಲಿಗೆ ಅಂತ ಮೂಡಿಗೆರೆ ಕಡೆಯ ಊರು ಬಿಟ್ಟು ಬಂದಾಗ ಮನೆ ನೋಡುವುದು ಅಂದರೆ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ರೂಮೆಷ್ಟು, ನೀರು ದಿನಾ ಬರುತ್ತಾ, ಬಾಗಿಲು ಯಾವ ದಿಕ್ಕಿಗೆ, ಇಷ್ಟೇ ಅಂದುಕೊಂಡಿದ್ದೆವು. ಮೊದಲನೇ ಮನೆಯಲ್ಲಿ ನಿದ್ದೆ ಹೋಯಿತು. ಎರಡನೇ ಮನೆಯಲ್ಲಿ ಮಗನಿಗೆ ಕೆಮ್ಮು ಹಿಡಿಯಿತು. ಎರಡರಲ್ಲೂ ನಮ್ಮತ್ತೆ ಮಾತು ಕಡಿಮೆ ಮಾಡುತ್ತಾ ಬಂದರು, ವಯಸ್ಸಾಯಿತಲ್ಲ ಅಂತ ನಾವು ಸುಮ್ನಿದ್ದೆವು. ಮೂರನೇ ಮನೆಗೆ ಬಂದ ಮೇಲೆ ಅವರು ಮತ್ತೆ ಬಾಯಿ ತುಂಬ ಮಾತಾಡಲು ಶುರು ಮಾಡಿದಾಗಲೇ ನಮಗೆ ಅರ್ಥವಾಗಿದ್ದು, ತಪ್ಪು ವಯಸ್ಸಿನದಲ್ಲ ಮನೆಯದು ಅಂತ.

ಹಾಗಾಗಿ ಈಗ ಯಾರಾದರೂ "ಅಕ್ಕಾ, ಒಂದು ಮನೆ ನೋಡಬೇಕಿತ್ತು" ಅಂದರೆ ನಾನು ಬಿಸಿಲು, ನಿದ್ದೆ, ನಡೆಯುವ ಜಾಗ, ಮಾತಾಡುವ ಜನ ಅಂತ ಶುರು ಮಾಡುತ್ತೇನೆ. ಟು ಲೆಟ್ ಬೋರ್ಡಿನಲ್ಲಿ ಇವು ಬರೆದಿರುವುದಿಲ್ಲ. ನೀವೇ ಹುಡುಕಬೇಕು.

ಒಂದೇ ಸಲ ನೋಡಿ ಅಡ್ವಾನ್ಸ್ ಕೊಡಬೇಡಿ

ಬ್ರೋಕರ್ ಮನೆ ತೋರಿಸುವುದು ಯಾವಾಗ? ಹೆಚ್ಚಾಗಿ ಬೆಳಿಗ್ಗೆ ಹನ್ನೊಂದರಿಂದ ಒಂದರೊಳಗೆ. ಆ ಹೊತ್ತಲ್ಲಿ ಯಾವ ಮನೆಯಾದರೂ ಚೆನ್ನಾಗಿಯೇ ಕಾಣುತ್ತದೆ. ಸ್ಕೂಲ್ ಬಸ್ಸುಗಳೆಲ್ಲ ಹೋಗಿ ಆಗಿರುತ್ತವೆ, ಬಿಸಿಲು ನೆತ್ತಿಗೆ ಬಂದಿರುತ್ತದೆ, ಬೀದಿ ನಾಯಿಗಳು ಮಲಗಿರುತ್ತವೆ. ಮನೆ ಮನಸ್ಸಿಗೆ ಬಂದರೆ ಆಮೇಲೆ ನೀವೇ ಇನ್ನೆರಡು ಸಲ ಹೋಗಿ. ಒಂದು ಸಲ ಬೆಳಿಗ್ಗೆ ಎಂಟರೊಳಗೆ, ಇನ್ನೊಂದು ಸಲ ಶನಿವಾರ ರಾತ್ರಿ ಹತ್ತರ ಮೇಲೆ. ಶನಿವಾರವೇ ಯಾಕೆ ಅಂತ ಮುಂದೆ ಹೇಳುತ್ತೇನೆ. ರಾತ್ರಿ ಮನೆಯೊಳಗೆ ಹೋಗಬೇಕಾಗಿಲ್ಲ, ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಹತ್ತು ನಿಮಿಷ ನಿಂತರೆ ಸಾಕು. ಯಾರಾದರೂ ಬಂದು "ಯಾರು ಬೇಕಾಗಿತ್ತು?" ಅಂತ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ, ಅದು ಒಳ್ಳೆ ಲಕ್ಷಣ.

ಆಗುವುದಾದರೆ ಮಳೆಗಾಲದಲ್ಲೇ ಮನೆ ನೋಡಿ. ಏಪ್ರಿಲ್‌ನಲ್ಲಿ ನೋಡಿದ ಮನೆಯ ನಿಜ ಬಣ್ಣ ಜುಲೈನಲ್ಲಿ ಗೊತ್ತಾಗುತ್ತದೆ, ಅಷ್ಟರಲ್ಲಿ ನಿಮ್ಮ ಅಡ್ವಾನ್ಸ್ ಓನರ್ ಕೈಲಿರುತ್ತದೆ.

ಬಿಸಿಲು ಎಲ್ಲಿಂದ ಬರುತ್ತೆ, ಶೀತ ಎಲ್ಲಿಂದ ಏಳುತ್ತೆ

ಕೊಪ್ಪ, ಶೃಂಗೇರಿ ಕಡೆಯ ಮಳೆ ಕಂಡವರಿಗೆ ಟೌನಿನ ಮಳೆ ಒಂದು ಮಳೆಯೇ ಅಲ್ಲ. ಆದರೆ ಇಲ್ಲಿನ ತೊಂದರೆ ಬೇರೆ. ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ, ಅಂದರೆ ಹೆಚ್ಚುಕಡಿಮೆ ಜುಲೈ ಪೂರ್ತಿ, ಸೋನೆ ಹಿಡಿದರೆ ಬಿಡುವುದಿಲ್ಲ, ಮೋಡ ಸರಿಯುವುದಿಲ್ಲ, ಒದ್ದೆಯಾದ ಗೋಡೆ ಒಣಗುವುದಿಲ್ಲ. ಊರಿನ ಮನೆಯಲ್ಲಾದರೆ ಬಚ್ಚಲ ಒಲೆ ಉರಿಯುತ್ತಿತ್ತು, ಒಲೆಯ ಮೇಲೆ ತಂತಿ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು, ಮನೆಗೂ ಒಂದಿಷ್ಟು ಬೆಚ್ಚಗೆ. ಟೌನಲ್ಲಿ ಗೀಸರ್ ಬಂತು, ಒಲೆ ಹೋಯಿತು. ಅದರ ಜೊತೆ ಒಣ ಹವೆಯೂ ಹೋಯಿತು.

ಇಲ್ಲಿ ದಿಕ್ಕಿನ ಲೆಕ್ಕ ಒಂಚೂರು ತಿಳಿದುಕೊಂಡರೆ ಒಳ್ಳೆಯದು. ನಾನು ಹೇಳುತ್ತಿರುವುದು ವಾಸ್ತು ಅಲ್ಲ, ಸೂರ್ಯನ ಲೆಕ್ಕ. ನಮ್ಮೂರು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿ ಚಿಲ್ಲರೆಯಲ್ಲಿ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಈಗ ಯೋಚನೆ ಮಾಡಿ, ಬರೀ ಉತ್ತರಕ್ಕೆ ಕಿಟಕಿ ಇರುವ ರೂಮಿಗೆ ಬಿಸಿಲು ಬೀಳಬೇಕಾದದ್ದು ಸರಿಯಾಗಿ ಮಳೆಗಾಲದಲ್ಲಿ, ಆಗ ಮೋಡ. ಮೇ ತಿಂಗಳು ಬಿಟ್ಟರೆ ಆ ರೂಮು ವರ್ಷವಿಡೀ ತಣ್ಣಗೆ. ನಮ್ಮ ಎರಡನೇ ಮನೆಯಲ್ಲಿ ಮಗ ಮಲಗುತ್ತಿದ್ದದ್ದು ಅಂಥದ್ದೇ ರೂಮಲ್ಲಿ. ದಕ್ಷಿಣದ ಕಿಟಕಿ ಅಂದರೆ ಕೆಲವರು ಮುಖ ಸಿಂಡರಿಸುತ್ತಾರೆ, ಆದರೆ ಡಿಸೆಂಬರ್ ಚಳಿಯಲ್ಲಿ ಹಾಸಿಗೆ ತನಕ ಬಿಸಿಲು ತಂದು ಹಾಕುವುದು ಅದೇ ಕಿಟಕಿ. ಮಲಗುವ ರೂಮಿಗೆ ಪೂರ್ವದ ಕಿಟಕಿ ಸಿಕ್ಕರಂತೂ ಬಿಡಬೇಡಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗಲೇ ಮೈಯೊಳಗಿನ ಗಡಿಯಾರ ಸರಿಯಾಗುವುದು, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುವುದಕ್ಕೂ ಅದೇ ದಾರಿ.

ಇನ್ನು ಪಶ್ಚಿಮದ ಗೋಡೆ. ಮುಂಗಾರಿನ ಗಾಳಿ ಬೀಸುವುದು ಆ ಕಡೆಯಿಂದ, ಎರಚಲು ಹೊಡೆಯುವುದೂ ಆ ಗೋಡೆಗೇ. ಹಳೇ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಆ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಸುಮ್ನೆ ಅಲ್ಲ. ಈಗಿನ ಮನೆಗಳಿಗೆ ಸೋಗೆಯೂ ಇಲ್ಲ, ಸಜ್ಜೆಯೂ ಒಂದು ಗೇಣು. ಆದ್ದರಿಂದ ಒಳಗೆ ಹೋದ ಕೂಡಲೇ ಪಶ್ಚಿಮದ ಗೋಡೆಗೆ ಅಂಗೈ ಇಡಿ. ಬೇರೆ ಗೋಡೆಗಿಂತ ತಣ್ಣಗೆ, ಜಿಗುಟಾಗಿ ಅನಿಸಿದರೆ ನೀರು ಕುಡಿದಿದೆ ಅಂತ ಅರ್ಥ. ಆಮೇಲೆ ಗೋಡೆಯ ಬುಡ ನೋಡಿ. ಬಣ್ಣ ಉಬ್ಬಿ ಚಕ್ಕೆ ಏಳುತ್ತಿದೆಯಾ, ಬಿಳಿ ಉಪ್ಪಿನ ಹುಡಿ ಕಾಣುತ್ತಾ? ನೆಲದಿಂದ ಮೂರಡಿ ಮಾತ್ರ ಹೊಸ ಬಣ್ಣ ಹೊಡೆದು ಮೇಲೆ ಹಳೇ ಬಣ್ಣ ಹಾಗೇ ಬಿಟ್ಟಿದ್ದರೆ ಓನರ್ ನಿಮಗೋಸ್ಕರ ಹೊಡೆಸಿದ್ದಲ್ಲ, ಕಲೆ ಮುಚ್ಚೋಕೆ ಹೊಡೆಸಿದ್ದು. ಕೊನೆಗೆ ಗೋಡೆ ಬೀರುವಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿ ಮೂಸಿ. ಓನರ್ ಎದುರಿಗಿದ್ದರೆ ನಾಚಿಕೆಯಾಗುತ್ತದೆ, ಆದರೂ ಮೂಸಿ. ಬೂಷ್ಟಿನ ವಾಸನೆ ಬೇರೆ ಕಡೆಯೆಲ್ಲ ಹೋಗಿದ್ದರೂ ಬೀರುವಿನೊಳಗೆ ಇದ್ದೇ ಇರುತ್ತದೆ.

ಬೂಷ್ಟು ಬರೀ ಅಸಹ್ಯದ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದಕ್ಕೇ ಒಂದು ಮಾರ್ಗಸೂಚಿ ತಂದಿತು. ಒದ್ದೆ, ಬೂಷ್ಟು ಇರುವ ಮನೆಯಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಅಂತ ಅದರಲ್ಲಿದೆ. ನಮಗೆ ಇದು ಗೊತ್ತಿರಲಿಲ್ಲ. ಎರಡು ಮಳೆಗಾಲ ಮಗನಿಗೆ ಸಿರಪ್ ಕುಡಿಸಿದೆವು, ಗೋಡೆ ಕಡೆ ನೋಡಲೇ ಇಲ್ಲ.

ನಿದ್ದೆಯ ವಿಷಯ

ನಮ್ಮ ಮೊದಲನೇ ಮನೆ ದೊಡ್ಡ ರಸ್ತೆಯ ಪಕ್ಕ, ಅಂಗಡಿಗಳ ಮೇಲೆ. ಎಲ್ಲಾ ಹತ್ತಿರ ಅಂತ ಖುಷಿಯಾಗಿ ಹೋದೆವು. ಮನೆ ಮುಂದೆಯೇ ಒಂದು ಹಂಪ್ ಇತ್ತು. ಹಂಪ್ ಇದ್ದರೆ ಗಾಡಿಗಳು ನಿಧಾನ ಹೋಗುತ್ತವೆ, ಒಳ್ಳೆಯದೇ ಆಯಿತು ಅಂದುಕೊಂಡರೆ ಆಗಿದ್ದೇ ಬೇರೆ. ಪ್ರತಿ ಗಾಡಿಯೂ ಅಲ್ಲಿ ಬ್ರೇಕ್ ಹಾಕಿ, ದಡಕ್ ಅಂತ ಹಾರಿ, ಗೇರ್ ಬದಲಾಯಿಸಿ, ಮತ್ತೆ ಜೋರು ಮಾಡಿಕೊಂಡು ಹೋಗುತ್ತಿತ್ತು, ಖಾಲಿ ಲಾರಿ ಬಂದರಂತೂ ಹಿಂದಿನ ಡಾಲಾದ ಸರಪಳಿಯೆಲ್ಲ ಕುಣಿಯುತ್ತಿತ್ತು. ಮನೆ ನೋಡುವಾಗ ಹಂಪ್, ಏರು, ತಿರುವು ಈ ಮೂರೂ ಬಾಗಿಲ ಮುಂದೆ ಇಲ್ಲದ ಹಾಗೆ ನೋಡಿಕೊಳ್ಳಿ. ಕಲ್ಯಾಣ ಮಂಟಪ ಎಷ್ಟು ದೂರ ಅಂತಲೂ ನೋಡಿ.

ಈಗ ಶನಿವಾರದ ಕಥೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಬೆಂಗಳೂರಿನಿಂದ ಬರುವ ಗಾಡಿಗಳು ಟೌನ್ ದಾಟಿಕೊಂಡೇ ಕೈಮರದ ಕಡೆ ಹೋಗಬೇಕು. ಬೆಟ್ಟಕ್ಕೆ ಬೇಗ ಹೋಗಬೇಕು ಅಂತ ಬೆಳಗಿನ ಜಾವವೇ ಹೊರಡುವವರೂ ಇದ್ದಾರೆ. ಸೋಮವಾರ ಪಾಪದ ಹಾಗೆ ಇರುವ ರಸ್ತೆ ವಾರದ ಕೊನೆಗೆ ಬೇರೆಯೇ ರಸ್ತೆ. ಪಕ್ಕದ ಮನೆ ಹೋಂಸ್ಟೇ ಆಗಿದ್ದರೆ ಅದೂ ತಿಳಿಯುವುದು ಶನಿವಾರ ರಾತ್ರಿಯೇ. ಬರುವವರನ್ನು ಬೈಯುತ್ತಿಲ್ಲ, ನಮ್ಮೂರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಅವರಿಂದಲೇ. ಮಲಗುವ ಕಿಟಕಿ ಮಾತ್ರ ಆ ರಸ್ತೆಗೆ ಬೇಡ.

ಫೋನಲ್ಲಿ ಶಬ್ದ ಅಳೆಯುವ ಆ್ಯಪ್ ಸಿಗುತ್ತದೆ. ಪಕ್ಕಾ ಲೆಕ್ಕ ಕೊಡುವುದಿಲ್ಲ, ಎರಡು ಮನೆ ಹೋಲಿಸಿ ನೋಡೋಕೆ ಸಾಕು. ನಮ್ಮ ದೇಶದಲ್ಲಿ 2000ನೇ ಇಸವಿಯಿಂದ ಇರುವ ನಿಯಮದ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಈ ಲೆಕ್ಕದಲ್ಲಿ ಒಂದು ಮೋಸ ಇದೆ. 45ಕ್ಕೂ 55ಕ್ಕೂ ಹತ್ತೇ ವ್ಯತ್ಯಾಸ ತಾನೇ ಅನಿಸುತ್ತದೆ, ಆದರೆ ಹತ್ತು ಡೆಸಿಬಲ್ ಹೆಚ್ಚಾದರೆ ಕಿವಿಗೆ ಶಬ್ದ ಹೆಚ್ಚುಕಡಿಮೆ ಎರಡರಷ್ಟಾಗಿ ಕೇಳುತ್ತದೆ. ನಮ್ಮ ಆ ಮನೆಯಲ್ಲಿ ಕಿಟಕಿ ತೆಗೆದರೆ ಮಧ್ಯರಾತ್ರಿಯಲ್ಲೂ ಫೋನು 60 ತೋರಿಸುತ್ತಿತ್ತು. ನಮ್ಮೆಜಮಾನ್ರು "ಅಭ್ಯಾಸ ಆಗುತ್ತೆ ಬಿಡು" ಅಂತ ಎರಡು ವರ್ಷ ಹೇಳಿದರು. ಕಿವಿಗೆ ಅಭ್ಯಾಸ ಆಗುತ್ತದೆ, ನಿಜ. ಆದರೆ ಎಚ್ಚರವಾಗದಿದ್ದರೂ ಗಾಡಿ ಹೋದಾಗಲೆಲ್ಲ ನಿದ್ದೆಯಲ್ಲೇ ಎದೆಬಡಿತ ಏರುತ್ತದೆ, ಅದು ಪೂರ್ತಿ ಅಭ್ಯಾಸ ಆಗುವುದಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರ ಅನ್ನುತ್ತಿದ್ದರಲ್ಲ, ಅವರೇ ಈಗ ಒಳರಸ್ತೆಯ ಮನೆಯಲ್ಲಿ ಆರೂವರೆಗೆ ತಾವಾಗೇ ಏಳುತ್ತಾರೆ.

ಹಾಂ, ಬೀದಿ ದೀಪ. ಹೊಸ ಎಲ್‌ಇಡಿ ದೀಪ ಸೀದಾ ಮಲಗುವ ರೂಮಿಗೆ ಬೀಳುತ್ತಿದ್ದರೆ ದಪ್ಪ ಪರದೆಗೆ ಖರ್ಚಿದೆ ಅಂತ ಲೆಕ್ಕ ಹಾಕಿಕೊಳ್ಳಿ.

ಮರ ಮತ್ತು ಕಾಲು

ಪೇಟೆಗಳಲ್ಲಿ ಗಿಡಮರದ ಬಗ್ಗೆ ಕೆಲಸ ಮಾಡುವ ಸೆಸಿಲ್ ಕೊನೈನೆಂಡೈಕ್ ಅನ್ನುವವರು 2021ರಲ್ಲಿ ಒಂದು ಸುಲಭದ ಅಳತೆ ಕೊಟ್ಟರು. ಮನೆಯಿಂದ ನೋಡಿದರೆ 3 ಮರ ಕಾಣಬೇಕು, ಬಡಾವಣೆಯ 30 ಪರ್ಸೆಂಟ್ ಜಾಗಕ್ಕೆ ಮರದ ನೆರಳಿರಬೇಕು, 300 ಮೀಟರ್ ಒಳಗೆ ಒಂದು ಪಾರ್ಕೋ ಹಸಿರು ಜಾಗವೋ ಇರಬೇಕು. ಕಾಫಿ ತೋಟದ ಜಿಲ್ಲೆಯವರಿಗೆ ಇದೇನು ದೊಡ್ಡದು ಅಂತ ನಗಬೇಡಿ. ಟೌನಿನ ಹೊಸ ಲೇಔಟುಗಳಲ್ಲಿ ಮಹಡಿ ಹತ್ತಿ ನೋಡಿದರೆ ದೂರದಲ್ಲಿ ಗಿರಿ ಕಾಣುತ್ತದೆ, ಹತ್ತಿರದಲ್ಲಿ ಒಂದು ಮರ ಇರುವುದಿಲ್ಲ.

ಮರ ಕಂಡರೆ ಏನಾಗುತ್ತೆ ಅನ್ನುವವರಿಗೆ ಒಂದು ಹಳೇ ಉದಾಹರಣೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ರೋಜರ್ ಉಲ್ರಿಕ್ ಅನ್ನುವವರು ತೆಗೆದು ನೋಡಿದರು, 1984ರಲ್ಲಿ ಅದು ಪ್ರಕಟವಾಯಿತು. 23 ಜನರ ಹಾಸಿಗೆ ಪಕ್ಕದ ಕಿಟಕಿಯಲ್ಲಿ ಮರಗಳು ಕಾಣುತ್ತಿದ್ದವು, ಇನ್ನು 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ನೋವಿನ ಜೋರು ಮಾತ್ರೆಗಳೂ ಮರದ ಕಡೆಯವರಿಗೆ ಕಡಿಮೆ ಬೇಕಾದವು. ಸಣ್ಣ ಲೆಕ್ಕವೇ, ಆದರೂ ನಾನು ಮನೆ ನೋಡುವಾಗ ಅಡುಗೆಮನೆ ಕಿಟಕಿಯಿಂದ ಏನು ಕಾಣುತ್ತದೆ ಅಂತ ಮೊದಲು ನೋಡುತ್ತೇನೆ. ದಿನಕ್ಕೆ ಮೂರು ಗಂಟೆ ನಿಲ್ಲುವುದು ನಾನಲ್ವಾ.

300 ಮೀಟರ್ ಅಂದರೆ ನಾಲ್ಕು ನಿಮಿಷದ ನಡಿಗೆ. ರತ್ನಗಿರಿ ಬೋರೆ, ಬಸವನಹಳ್ಳಿ ಕೆರೆ, ಕೋಟೆ ಕೆರೆ, ಇವುಗಳಲ್ಲಿ ಯಾವುದಾದರೂ ಒಂದು ಹತ್ತಿರ ಬಿದ್ದರೆ ಅದೃಷ್ಟ. ಆದರೆ ಮ್ಯಾಪಿನಲ್ಲಿ ದೂರ ನೋಡಿ ಸುಮ್ಮನಾಗಬೇಡಿ, ನಡೆದೇ ನೋಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಫುಟ್‌ಪಾತ್ ಮೇಲೆ ಬೈಕ್ ನಿಂತಿದೆಯಾ, ಚರಂಡಿಯ ಚಪ್ಪಡಿ ಅಲ್ಲಾಡುತ್ತಾ, ರಸ್ತೆ ದಾಟೋಕೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಅವರ ಕಾಲಿಗೇ ಗೊತ್ತಾಗುವುದು. ಹಾಲು, ತರಕಾರಿ, ಮೆಡಿಕಲ್ ಇಷ್ಟಕ್ಕೆ ಗಾಡಿ ತೆಗೆಯದೆ ಹೋಗಿ ಬರುವ ಹಾಗಿದ್ದರೆ ಬೇರೆ ವಾಕಿಂಗ್ ಮಾಡದಿದ್ದರೂ ನಡೆಯುತ್ತದೆ.

ಸೊಳ್ಳೆ ಬಗ್ಗೆ ಎರಡೇ ಮಾತು. ಪಕ್ಕದಲ್ಲಿ ಅರ್ಧ ಕಟ್ಟಿ ಬಿಟ್ಟ ಮನೆ, ಮುಚ್ಚಳವಿಲ್ಲದ ಸಂಪು, ಟೈರು, ತೆಂಗಿನ ಚಿಪ್ಪು ಬಿದ್ದಿದ್ದರೆ ಎಚ್ಚರ. ಡೆಂಗಿ ಸೊಳ್ಳೆ ಬೆಳೆಯುವುದು ಇಂಥ ನಿಂತ ತಿಳಿ ನೀರಲ್ಲಿ, ಕಚ್ಚುವುದು ಹಗಲಲ್ಲಿ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರ, ಹತ್ತು ದಿನ ಸಾಕು.

ಯಾರ ಹತ್ತಿರ ಮಾತಾಡೋದು

ಎರಡನೇ ಮನೆ ಮೂರನೇ ಮಹಡಿಯಲ್ಲಿತ್ತು. ಗ್ರಿಲ್ ಬಾಗಿಲು, ಅದರ ಹಿಂದೆ ಮರದ ಬಾಗಿಲು, ಎದುರು ಮನೆಯದೂ ಹಾಗೇ. ಒಂದು ದಿನ ಅತ್ತೆ ಕೇಳಿದರು, "ಇಲ್ಲಿ ಯಾರ್ ಹತ್ರ ಮಾತಾಡೋದು ಕಣೇ?" ನಾನು ಟಿವಿ ಹಾಕಿ ಕೊಟ್ಟೆ. ಈಗ ನೆನೆಸಿಕೊಂಡರೆ ನನಗೇ ಬೇಜಾರಾಗುತ್ತದೆ.

ಜನ ಸಿಗುವುದು ಜನರ ಗುಣದಿಂದ ಮಾತ್ರ ಅಂತ ನಾವು ತಿಳಿದಿದ್ದೇವೆ. ರಸ್ತೆಗೂ ಅದರಲ್ಲಿ ಪಾಲಿದೆ. ಡೊನಾಲ್ಡ್ ಆ್ಯಪಲ್‌ಯಾರ್ಡ್ ಅನ್ನುವವರು 1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ಥರದ ಮೂರು ಬೀದಿ ಹಿಡಿದು ಅಲ್ಲಿನವರನ್ನು ಮಾತಾಡಿಸಿದರು. ದಿನಕ್ಕೆ 2,000 ಗಾಡಿ ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಜನ ಸ್ನೇಹಿತರಿದ್ದರು. 16,000 ಗಾಡಿ ಓಡಾಡುವ ಬೀದಿಯಲ್ಲಿ 0.9, ಒಬ್ಬರೂ ಪೂರ್ತಿ ಇಲ್ಲ. ಕಾರಣ ಊಹಿಸೋಕೆ ಕಷ್ಟವಿಲ್ಲ. ಗಾಡಿ ಜಾಸ್ತಿಯಾದರೆ ಮೆಟ್ಟಿಲ ಮೇಲೆ ಯಾರೂ ಕೂರುವುದಿಲ್ಲ, ಮಕ್ಕಳನ್ನು ಆಚೆ ಬಿಡುವುದಿಲ್ಲ, ಎದುರು ಮನೆಯವರನ್ನು ಕೂಗಿ ಕರೆದರೆ ಕೇಳುವುದಿಲ್ಲ.

ಇದನ್ನು ಮನೆ ನೋಡುವಾಗ ಹೇಗೆ ಪತ್ತೆ ಮಾಡುವುದು? ಬೆಳಿಗ್ಗೆ ಹೋದಾಗ ಎಷ್ಟು ಬಾಗಿಲ ಮುಂದೆ ರಂಗೋಲಿ ಇದೆ ನೋಡಿ. ಹಾಕಿದ್ದಾರೆ ಅಂದರೆ ದಿನಾ ಅಷ್ಟು ಹೊತ್ತು ಯಾರೋ ಆಚೆ ಇರುತ್ತಾರೆ. ಸಂಜೆ ಐದೂವರೆಗೆ ಹುಡುಗರು ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರೆ ಗಾಡಿ ಕಡಿಮೆ ಅಂತ ಬೇರೆ ಲೆಕ್ಕ ಬೇಡ. ಕಾಂಪೌಂಡ್ ಗೋಡೆ ಎದೆಮಟ್ಟಕ್ಕಿಂತ ಕೆಳಗಿದೆಯಾ? ಮನೆ ಮುಂದೆ ಒಂದು ಕುರ್ಚಿ ಹಾಕುವಷ್ಟು ಜಾಗ ಇದೆಯಾ, ಹಾಕಿದರೆ ಓನರ್ ಬೇಡ ಅನ್ನುತ್ತಾರಾ? ಕೇಳಿಬಿಡಿ. ಈಗಿನ ಮನೆಯಲ್ಲಿ ನಮಗೆ ಒಂದು ರೂಮು ಕಡಿಮೆ, ಬಾಡಿಗೆ ಒಂದು ಸಾವಿರ ಜಾಸ್ತಿ, ಆದರೆ ನೆಲಮಹಡಿ ಮತ್ತು ಪೋರ್ಟಿಕೊ. ಅತ್ತೆ ಅಲ್ಲಿ ಕೂತು ಬೀನ್ಸ್ ಬಿಡಿಸುತ್ತಾ ಒಂದೇ ತಿಂಗಳಲ್ಲಿ ಬೀದಿಯವರ ಊರು, ಕೇರಿ, ಯಾರ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ ಎಲ್ಲಾ ತಿಳಿದುಕೊಂಡರು. ಕೆಲವು ವಿಷಯ ತಿಳಿಯದೇ ಇದ್ದರೂ ಆಗುತ್ತಿತ್ತು, ಇರಲಿ.

ಈಗಲೇ ಮನೆ ಬಿಡೋಕೆ ಆಗಲ್ಲ ಅನ್ನುವವರಿಗೆ

ಅಡ್ವಾನ್ಸ್ ಸಿಕ್ಕಿಕೊಂಡಿದೆ, ಪರೀಕ್ಷೆ ಇದೆ, ಹೀಗೆ ನೂರೆಂಟು ಇರುತ್ತದೆ. ಖರ್ಚಿಲ್ಲದೆ ಮಾಡುವಂಥದ್ದು ಮೊದಲು ಮಾಡಿ. ರಸ್ತೆ ಕಡೆಯ ಬೆಡ್‌ರೂಮನ್ನು ಹಾಲ್ ಮಾಡಿ, ಈಗ ಹಾಲ್ ಆಗಿರುವ ಒಳಗಿನ ಜಾಗದಲ್ಲಿ ಮಲಗಿ. ಹೆಸರಿಗೆ ಬೆಡ್‌ರೂಮ್ ಅಂತ ಬರೆದಿದ್ದಾರೆ ಅಂತ ಅಲ್ಲೇ ಮಲಗಬೇಕು ಅಂತಿಲ್ಲ. ಮಂಚದ ತಲೆ ಪಶ್ಚಿಮದ ಗೋಡೆಗೆ ತಾಗಿದ್ದರೆ ಜರುಗಿಸಿ. ಬೀರು, ಶೋಕೇಸು ಎಲ್ಲಾ ಗೋಡೆಯಿಂದ ನಾಲ್ಕು ಬೆರಳು ಮುಂದೆ ಇರಲಿ, ಹಿಂದೆ ಗಾಳಿ ಆಡಬೇಕು. ನುಸಿಗುಳಿಗೆ ಹಾಕಿದರೆ ವಾಸನೆ ಮುಚ್ಚುತ್ತದೆ, ಬೂಷ್ಟು ನಿಲ್ಲುವುದಿಲ್ಲ.

ಮಳೆಗಾಲದಲ್ಲಿ ಬಟ್ಟೆಯನ್ನು ಮಲಗುವ ರೂಮಲ್ಲಿ ಹರವಬೇಡಿ. ಹಿಂಡಿದ ಮೇಲೂ ಬಟ್ಟೆಯಲ್ಲಿ ಉಳಿದ ನೀರು ಎಲ್ಲಿಗೆ ಹೋಗುತ್ತೆ ಹೇಳಿ, ನಿಮ್ಮ ಗೋಡೆಗೇ, ನಿಮ್ಮ ಹಾಸಿಗೆಗೇ. ಒಂದು ರೂಮನ್ನು ಅದಕ್ಕೇ ಬಿಟ್ಟು, ಕಿಟಕಿ ತೆಗೆದಿಟ್ಟು, ಫ್ಯಾನ್ ಹಾಕಿ, ಆ ರೂಮಿನ ಬಾಗಿಲು ಮುಚ್ಚಿಡಿ. ಮಳೆ ಒಂದು ಗಳಿಗೆ ಬಿಟ್ಟರೂ ಎದುರುಬದುರು ಕಿಟಕಿ ಎರಡೂ ತೆಗೆಯಿರಿ, ಚಳಿ ಅಂತ ಮುಚ್ಚಿಕೊಂಡು ಕೂರಬೇಡಿ.

ಗೋಡೆಗೆ ಶೀತ ಹೊರಗಿಂದ ಬರುತ್ತಿದೆಯೋ ಒಳಗಿನ ಹಬೆಯೋ ಅಂತ ಓನರ್ ಜೊತೆ ವಾದ ಬಂದರೆ ಒಂದು ಉಪಾಯ ಇದೆ. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ, ರಿಪೇರಿ ಓನರ್ ಮಾಡಿಸಬೇಕು. ಈಚೆ, ರೂಮಿನ ಕಡೆ ಹನಿ ಇದ್ದರೆ ಅದು ನಿಮ್ಮ ಅಡುಗೆ, ಸ್ನಾನ, ಬಟ್ಟೆಯ ಹಬೆ. ಫೋಟೊ ತೆಗೆದಿಟ್ಟುಕೊಳ್ಳಿ.

ಹೊಸ ಮನೆ ನೋಡುವವರಿಗೆ ಇನ್ನೊಂದು ಕೆಲಸ ಬಾಕಿ ಇದೆ. ಅಡ್ವಾನ್ಸ್ ಕೊಡುವ ಹಿಂದಿನ ದಿನ ಪಕ್ಕದ ಮನೆಯ ಬಾಗಿಲು ತಟ್ಟಿ, ನಾವು ಹೀಗೆ ಬರೋಣ ಅಂತಿದ್ದೀವಿ ಅಂತ ಹೇಳಿ, ಹಿಂದೆ ಇದ್ದವರು ಎಷ್ಟು ವರ್ಷ ಇದ್ದರು, ಯಾಕೆ ಬಿಟ್ಟರು ಅಂತ ಕೇಳಿ. "ಗೊತ್ತಿಲ್ಲ" ಅಂದು ಬಾಗಿಲು ಹಾಕಿಕೊಂಡರೆ ಅದೂ ಉತ್ತರವೇ. ನಮ್ಮ ಈಗಿನ ಮನೆಯ ಪಕ್ಕದವರು ಮೊದಲು "ಒಳಗೆ ಬನ್ನಿ, ಕಾಫಿ ಮಾಡ್ತೀನಿ" ಅಂದರು, ಆಮೇಲೆ ಬಚ್ಚಲ ಪೈಪ್ ಸೋರುತ್ತೆ, ಬರೋ ಮುಂಚೆಯೇ ಓನರ್ ಹತ್ರ ಹೇಳಿ ಸರಿ ಮಾಡಿಸ್ಕೊಳ್ಳಿ ಅಂದರು.